ಎಡತುದಿಯ ರೆಕ್ಕೆ

ಕೆಲಸದ ಚೀಟಿಯಲ್ಲಿ ಇದ್ದದ್ದು ಇಷ್ಟೆ:
ಶಾರ್ಜಾ, ಖೋರ್ ಬದಿಯ ಹಳೆ ಗೋದಾಮು,
ಹದಿನೆಂಟು ಡಿಗ್ರಿ, ಹಗಲೂ ರಾತ್ರಿ.
ಒಳಗಿರುವುದು ಯಂತ್ರ. ಅದಕ್ಕೆ ಸೆಕೆ ಆಗಬಾರದು.

ಹೊರಗೆ ನಲ್ವತ್ತೇಳು.
ಹನ್ನೆರಡೂವರೆಯಿಂದ ಮೂರು ಗಂಟೆ ತನಕ
ಬಿಸಿಲಲ್ಲಿ ಯಾರೂ ದುಡಿಯಕೂಡದೆಂದು ಕಾನೂನು ಉಂಟು;
ತಗಡಿನ ಮಾಡಿನ ಮೇಲೆ ಬಿಟ್ಟುಬಂದ ಸ್ಪ್ಯಾನರು ಮಾತ್ರ
ಆ ಹೊತ್ತಲ್ಲೂ ಕಾಯುತ್ತಾ ಬಿದ್ದಿರುತ್ತದೆ.

ಒಳಗೆ ಮಲೀಹಾದ ಕೆಂಪು ಮರಳು,
ಜರಡಿ ಹಿಡಿದು, ಹನ್ನೆರಡು ಹೆಜ್ಜೆ ಉದ್ದಕ್ಕೆ ಹರವಿದ್ದು.
ಅದರ ನಡುವೆ ಒಂದು ಕೈ.
ಭುಜ ಇಲ್ಲ, ಮೈ ಇಲ್ಲ, ಬರೀ ಕೈ,
ಬೆರಳ ಜಾಗದಲ್ಲಿ ಬಾಚಣಿಗೆ.
ಲಕ್ಷ ದಿಬ್ಬಗಳ ಪಟ ನೋಡಿ ಕಲಿತದ್ದಂತೆ;
ಎಳೆಯುತ್ತದೆ, ಎತ್ತುತ್ತದೆ, ಮೇಲಿನ ಕ್ಯಾಮರಾದಲ್ಲಿ
ತಾನೆಳೆದದ್ದನ್ನು ತಾನೇ ನೋಡುತ್ತದೆ,
ಮತ್ತೆ ಎಳೆಯುತ್ತದೆ.
ಕಾವಲಿನ ಗುರುಂಗ್ ಕೇಳಿದ: ಇದಕ್ಕೆ ಸಂಬಳ ಎಷ್ಟಿರಬಹುದು?
ಕರೆಂಟು ಬಿಲ್ಲೇ ನಮ್ಮಿಬ್ಬರ ಸಂಬಳಕ್ಕಿಂತ ಜಾಸ್ತಿ, ಎಂದೆ.

ಉದ್ಘಾಟನೆಗೆ ಇನ್ನೂ ತಿಂಗಳಿರುವಾಗ ದೂರು ಬಂತು:
ಮೂಲೆಯ ಗೆರೆ ನಿಲ್ಲುತ್ತಿಲ್ಲ.
ಏಣಿ ಹತ್ತಿ ನೋಡಿದೆ. ನನ್ನದೇ ತಪ್ಪು.
ಎಸಿ ಬಾಯಿಯ ಎಡತುದಿಯ ರೆಕ್ಕೆ, ಕೂರಿಸುವಾಗ
ಬಗ್ಗಿಹೋಗಿತ್ತು, ಅಕ್ಕಿಕಾಳಿನಷ್ಟು.
ಅಲ್ಲಿಂದ ಇಳಿವ ಗಾಳಿ
ಗೆರೆಗಳನ್ನು ಒಂದೊಂದಾಗಿ ಮೆಲ್ಲ ಒರೆಸುತ್ತಿತ್ತು.

ಇಕ್ಕಳ ತೆಗೆದಿದ್ದೆ, ಮೌಝಾ ಓಡಿ ಬಂದಳು,
ಈ ಕೈಯ ಒಡತಿ, ಅಬಾಯದ ತೋಳೆಲ್ಲ ಮರಳು:
ಮುಟ್ಟಬೇಡ. ನೋಡು.

ನೋಡಿದೆ.
ಮೂರು ದಿನ ಸೋತ ಮೇಲೆ
ಕೈ ಒಂದು ಉಪಾಯ ಕಂಡುಕೊಂಡಿತ್ತು.
ಗೆರೆಯನ್ನು ಮೂಲೆಯವರೆಗೆ ಒಯ್ಯದೆ
ಒಂದು ಗೇಣು ಮೊದಲೇ ನಿಲ್ಲಿಸಿ,
ಮರಳನ್ನು ಸಣ್ಣ ಗುಪ್ಪೆ ಮಾಡಿ ಬಿಟ್ಟುಹೋಗುತ್ತಿತ್ತು.
ಉಳಿದ ಗೇಣನ್ನು ಗಾಳಿ ಎಳೆಯುತ್ತಿತ್ತು,
ಬಾಚಣಿಗೆಗಿಂತ ನುಣುಪಾಗಿ.

ಆಮೇಲೆ ನನಗೆ ಚಟ ಹಿಡಿಯಿತು, ಮಾರಾಯ್ರೆ.
ರಾತ್ರಿ ಫಿಲ್ಟರ್ ತೊಳೆಯುವ ನೆಪದಲ್ಲಿ ಹೋಗಿ
ರೆಕ್ಕೆಯನ್ನು ಕೂದಲೆಳೆ ಈಚೆಗೆ, ಕೂದಲೆಳೆ ಆಚೆಗೆ.
ಕೈ ಅಂತರದಲ್ಲಿ ನಿಲ್ಲುತ್ತಿತ್ತು,
ಕೇರಂ ಬೋರ್ಡಿನ ಮುಂದೆ ನಮ್ಮ ಪುತ್ತುಮೋನು
ಹೊಡೆಯದೆ ಹಿಡಿದಿಟ್ಟ ಬೆರಳಿನ ಹಾಗೆ.
ಬೆಳಗಾಗುವುದರೊಳಗೆ ಗುಪ್ಪೆ ಹೊಸ ಜಾಗಕ್ಕೆ ಸರಿದಿರುತ್ತಿತ್ತು.
ಬುದ್ಧಿ ಅಂದರೆ ಇದಾ? ಗೊತ್ತಿಲ್ಲ.
ಎಂಟು ಜನರ ಕೋಣೆಯಲ್ಲಿ ಇಪ್ಪತ್ತೆರಡೋ ಇಪ್ಪತ್ತನಾಲ್ಕೋ ಎಂದು
ರಿಮೋಟಿಗಾಗಿ ಹನ್ನೊಂದು ವರ್ಷ ಜಗಳಾಡಿದವರು ನಾವು,
ಒಬ್ಬನೂ ಮಂಚ ಸರಿಸಿದವನಲ್ಲ.

ಉದ್ಘಾಟನೆಯ ದಿನ ಖರ್ಜೂರ, ಕಹ್ವಾ, ಎತ್ತಿ ಹಿಡಿದ ಫೋನುಗಳು.
ಗೋಡೆಯ ಚೀಟಿಯಲ್ಲಿ: ಮರಳು, ಉಕ್ಕು, ಕ್ಯಾಮರಾ, ಕೃತಕ ಬುದ್ಧಿಮತ್ತೆ.
ಗಾಳಿಯ ಹೆಸರಿಲ್ಲ.
ಬಿಳಿ ಗಡ್ಡದವರೊಬ್ಬರು ವಿವರಿಸುತ್ತಿದ್ದರು:
ಯಂತ್ರಕ್ಕೆ ಶಮಾಲ್ ಗಾಳಿಯ ನೆನಪಿದೆ,
ಈ ಮೂಲೆಯಲ್ಲಿ ಅದು ಮರುಭೂಮಿಗಾಗಿ ಹಂಬಲಿಸುತ್ತದೆ.
ನಾನು ಕಂಬದ ಹಿಂದೆ ಟೂಲ್‌ಬಾಕ್ಸ್ ಹಿಡಿದು ನಿಂತು
ಐದು ಟನ್ನಿನ ಯುನಿಟ್ಟಿನ ಕಡೆ ನೋಡಿದೆ.
ಮೌಝಾ ನನ್ನ ಕಡೆ ನೋಡಿದಳು. ಇಬ್ಬರೂ ನಗಲಿಲ್ಲ.
ನಗು ಬಂದಿತ್ತು.

ಡಿಸೆಂಬರಲ್ಲಿ ಪ್ರದರ್ಶನ ಮುಗಿಯಿತು.
ಕೈಯನ್ನು ಮಡಚಿ ಥರ್ಮಾಕೋಲಿನಲ್ಲಿ ಮಲಗಿಸಿದರು.
ಮರಳು ಅರವತ್ತು ಚೀಲ.
ಮುಂದಿನದು ಹಳೆ ಕಾಗದದ ನಕ್ಷೆಗಳಂತೆ,
ಮುತ್ತಿನ ದೋಣಿಗಳ ಕಾಲದ್ದು; ಗಾಳಿ ತಾಗಬಾರದು.
ಏಣಿ ಹತ್ತಿದೆ. ಎಲ್ಲಿ ಬಗ್ಗಿದೆ ಎಂದು
ಕಣ್ಣು ಮುಚ್ಚಿಯೂ ಬೆರಳಿಗೆ ಗೊತ್ತಿತ್ತು.

ವರದಿಯ ಹಾಳೆ ತುಂಬಿಸಿದೆ.
ದೋಷ: ಎಡತುದಿಯ ರೆಕ್ಕೆ.
ಮಾಡಿದ್ದು: ನೇರ.
ಹೆಸರು: ಇದಿನಬ್ಬ, ಉಳ್ಳಾಲ.
ಷರಾ ಎಂಬ ಕಡೆಯ ಅಂಕಣದಲ್ಲಿ ಒಂದು ಮಾತು ಶುರುಮಾಡಿ
ಅರ್ಧಕ್ಕೆ ಪೆನ್ನು ಎತ್ತಿದೆ.